ಸಣ್ಣ ಕೂಸಿಗೇನ್ ತಿಳೀತೈತಿ

ನನ್ನ ತಮ್ಮನ ಮಗಳಿಗೆ ಬುದ್ಧಿ ಸಾಲದು ಎಂದು ಮೊಟ್ಟಮೊದಲು ಹೇಳಿದವಳು ನಾನೇ. ಬೇರೆಯವರ ಮೇಲೆ ಹರಿಹಾಯುವ ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ಓದುವವರು ನನ್ನನ್ನು ಒಳ್ಳೆಯವಳೆಂದು ತಿಳಿದುಬಿಟ್ಟಾರು. ಮೂಡಲಗಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಯಾವ ಮಗು ದಡ್ಡ, ಯಾವುದು ಶಾಣ್ಯಾ ಎಂದು ಮುಖ ನೋಡಿಯೇ ಹೇಳುವ ವಿದ್ಯೆ ನನಗೆ ಒಲಿದಿದೆ ಎಂದು ನಂಬಿಕೊಂಡಿದ್ದೆ. ಹಾಗೆ ನಂಬಿಕೊಂಡ ಮಾಸ್ತರರು, ಅಕ್ಕೋರುಗಳು ಎಲ್ಲ ಶಾಲೆಗಳಲ್ಲೂ ಇಬ್ಬರು ಮೂವರು ಇರುತ್ತಾರೆ. ಮಧ್ಯಾಹ್ನ ಚಹಾ ಕುಡಿಯುತ್ತ ಮಕ್ಕಳ ಹಣೆಬರಹ ಬರೆದು ಮುಗಿಸುವುದು ನಮಗೆ ರೂಢಿ. ಆ ಕೆಲಸಕ್ಕೆ ಯಾವ ತರಬೇತಿಯೂ ಬೇಕಿಲ್ಲ.

ಹುಡುಗಿಗೆ ಆಗ ಎಂಟು ವರ್ಷ. ಕಲ್ಲೋಳಿಯಲ್ಲಿ ಒಕ್ಕಲುತನ ಮಾಡಿಕೊಂಡಿರುವ ನನ್ನ ತಮ್ಮ, ಶಾಲೆ ಸುರುವಾಗುವ ಹೊತ್ತಿಗೆ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ನನ್ನ ಮನೆಗೆ ಬಂದ. ಬಟ್ಟೆಯ ಚೀಲವನ್ನು ಪಡಸಾಲೆಯಲ್ಲಿಟ್ಟು ನಿಂತುಕೊಂಡೇ ಮಾತು ಮುಗಿಸಿದ.

"ಅಕ್ಕಾ, ಇಕಿನ್ನ ನಿನ್ನ ಕೈಯಾಗ ಬಿಟ್ಟೇನಿ. ಎರಡ ವರ್ಷ ಇಂಗ್ಲಿಷ್ ಮೀಡಿಯಂ ಸಾಲಿಗೆ ಹಾಕಿ ನೋಡಿದ್ನಿ, ಏನೂ ತಲಿಗೆ ಹತ್ತವಲ್ದು. ಈ ವರ್ಷ ನೀ ತಿದ್ದು. ಆಗಲಿಲ್ಲಂದ್ರ ಸಾಲಿ ಬಿಡಿಸಿ ಮನ್ಯಾಗ ಇಟ್ಕೊಂತೇನಿ. ನಮ್ಮ ಅವ್ವಗೂ ವಯಸ್ಸಾತು, ಆಡಿನ ಹಿಂದ ಓಡ್ಯಾಡಾಕ ಆಗವಲ್ದು."

ಕುಡುಗೋಲನ್ನು ಹದ ಮಾಡಿಸಲು ಕಮ್ಮಾರನ ಮುಂದೆ ಇಟ್ಟು ಹೋಗುವವನ ಹಾಗೆ ಮಗಳನ್ನು ಇಟ್ಟು ಹೋದ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಳಗೊಳಗೆ ಹೆಮ್ಮೆಯೇ ಆಯಿತು. ಇಡೀ ಬಳಗದಲ್ಲಿ ತಿದ್ದುವ ಶಕ್ತಿ ಇರುವುದು ನನಗೊಬ್ಬಳಿಗೆ ಎಂದು ತಮ್ಮ ಒಪ್ಪಿಕೊಂಡಂತಾಗಿತ್ತು. "ಮೂರ ತಿಂಗಳ ಕೊಡು," ಎಂದೆ. ನನ್ನ ಶಾಲೆಗೇ ಅವಳ ಹೆಸರು ಹಚ್ಚಿದೆ.

ಅಂದು ಸಂಜೆಯೇ ತಟ್ಟೆಯಲ್ಲಿ ಎಂಟು ಶೇಂಗಾ ಇಟ್ಟು ಎಷ್ಟಿವೆ ಎಂದು ಕೇಳಿದೆ. ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದಳು. ತುಟಿ ಅಲುಗುವುದು ಕಾಣುತ್ತಿತ್ತು, ಎಂಟಕ್ಕೆ ಸರಿಯಾಗಿ ನಿಂತಿತು. ಆದರೆ ಉತ್ತರ ಹೇಳಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದಳು. ಮೂರನೇ ಸಲವೂ ಎಣಿಸಿದಳು. "ಎಷ್ಟ ಅದಾವ, ಹೇಳು," ಎಂದು ಗದರಿದೆ. ನನ್ನ ಮುಖವನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡಿ ನಾಲ್ಕನೇ ಸಲಕ್ಕೆ ಸುರು ಮಾಡಿದಳು. ಓದಿನಲ್ಲೂ ಅದೇ ಕತೆ. ಪುಸ್ತಕದಲ್ಲಿ 'ಕಮಲ' ಎಂದಿದ್ದರೆ 'ಕಮಲ' ಎಂದೇ ಓದುತ್ತಾಳೆ, ಕೂಡಲೇ ತಲೆಯೆತ್ತಿ, "ಹೌದಲ್ಲ ಅತ್ತಿ?" ಎಂದು ಕೇಳುತ್ತಾಳೆ. ಮುಂದಿನ ಶಬ್ದಕ್ಕೂ ಅದೇ ಪ್ರಶ್ನೆ. ಹೌದು ಎನ್ನದಿದ್ದರೆ ಮುಂದೆ ಹೋಗುವುದೇ ಇಲ್ಲ. ಒಂದು ಪುಟ ಮುಗಿಯುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿರುತ್ತಿತ್ತು.

ಇನ್ನೂ ಕೆಲವು ಇದ್ದವು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಓಡಿಹೋಗಿ ಗೋಡೆಗೆ ಆತುಕೊಂಡು ನಿಲ್ಲುತ್ತಿದ್ದಳು. ಫ್ಯಾನ್ ಹಾಕು ಎಂದರೆ ಹಾಕುತ್ತಿರಲಿಲ್ಲ. ಸ್ವಿಚ್ಚಿನ ಹತ್ತಿರವೇ ಹೋಗುತ್ತಿರಲಿಲ್ಲ. ನಾನು ಹಾಕಲು ಎದ್ದರೆ ನನ್ನ ಸೀರೆಯ ಸೆರಗು ಹಿಡಿದು ಎಳೆಯುತ್ತಿದ್ದಳು. ಇದಕ್ಕೆ ನಾನು ಇಟ್ಟ ಹೆಸರು ಹಟ. ತಾಯಿಯಿಲ್ಲದ ಮಗುವೆಂದು ಅಜ್ಜಿ ತಲೆಯ ಮೇಲೆ ಕೂರಿಸಿಕೊಂಡು ಕೆಡಿಸಿದ್ದಾಳೆ ಎಂದು ಶಾಲೆಯಲ್ಲಿ ಎಲ್ಲರ ಮುಂದೆ ಆಡಿಕೊಂಡೆ. ಚಹಾದ ಹೊತ್ತಿಗೆ ಅವಳ ಹಣೆಬರಹವನ್ನೂ ಬರೆದು ಮುಗಿಸಿದೆವು.

ಆಮೇಲೆ ಮದ್ದುಗಳ ಮೆರವಣಿಗೆ ಹೊರಟಿತು. ಮೊದಲು ಸ್ಮರಣಶಕ್ತಿಯ ಟಾನಿಕ್ಕು. ಬಾಟಲಿಯ ಮೇಲೆ ಕನ್ನಡಕ ಹಾಕಿಕೊಂಡ ಒಂದು ಮಗುವಿನ ಚಿತ್ರವಿತ್ತು. ಕನ್ನಡಕ ಹಾಕಿಕೊಂಡವರೆಲ್ಲ ಶಾಣ್ಯಾರು ಎಂದು ಆ ಕಂಪನಿಯವರಿಗೆ ಯಾರು ಹೇಳಿದರೋ. ಎರಡು ಬಾಟಲಿ ಕುಡಿದು ಹುಡುಗಿಗೆ ಹೊಟ್ಟೆ ಕೆಟ್ಟಿತು, ಅಷ್ಟೇ. ನಂತರ ಗೋಕಾಕದಲ್ಲಿ ಮಣಿ ಎಣಿಸಿ ಲೆಕ್ಕ ಕಲಿಸುವ ಒಂದು ಕ್ಲಾಸಿಗೆ ಹಾಕಿದೆ. ಪ್ರತಿ ರವಿವಾರ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ನಾಲ್ಕು ವರ್ಷದ ಮಕ್ಕಳು ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸುತ್ತ ಉತ್ತರ ಒದರುತ್ತಿದ್ದವು, ಅವರ ತಾಯಂದಿರು ಕಿಟಕಿಯ ಹೊರಗೆ ನಿಂತು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ನಮ್ಮ ಹುಡುಗಿ ಒಂದು ಸರಿಗೆಯ ಮಣಿಗಳನ್ನೇ ಒಂದು ತಾಸು ಎಣಿಸುತ್ತ ಕೂತಳು. ಮೂರನೇ ವಾರ ಕ್ಲಾಸಿನ ಯಜಮಾನ ನನ್ನನ್ನು ಬದಿಗೆ ಕರೆದ.

"ಮೇಡಮ್ಮರ, ಈ ಕೂಸು ನಮ್ಮ ಲೆವೆಲ್ಲಿಗೆ ಬರೂದಿಲ್ರಿ. ಉಳದ ಪಾಲಕರು ಕೇಳಾಕತ್ತಾರ."

ಆ ಮನುಷ್ಯನ ಮೇಲೆ ನನಗೆ ಉರಿದುಹೋಯಿತು. ನನ್ನ ಮಾತನ್ನೇ ಅವನು ಆಡಿದ್ದ ಎಂಬುದು ಆಗ ಹೊಳೆಯಲಿಲ್ಲ.

ಅದೇ ದಿನ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಮೂಡಲಗಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ನಾಲ್ಕು ಬಸ್ಸಿನ ಆಚೆ ಒಂದು ಬಸ್ಸು ಬಂದು ನಿಂತಿತು. ಅದರ ಬೋರ್ಡಿನ ಅರ್ಧ ಬಣ್ಣ ಹಾರಿಹೋಗಿತ್ತು, ನನಗೇ ಕಣ್ಣು ಕಿರಿದು ಮಾಡಿ ನೋಡಬೇಕಾಯಿತು. 'ಹೌದಲ್ಲ' ಎಂದು ಕೇಳದೆ ಎರಡು ಶಬ್ದ ಓದಲಾರದ ಹುಡುಗಿ ಒಂದೇ ಉಸಿರಿಗೆ, "ಹುಕ್ಕೇರಿ," ಎಂದಳು. ನನ್ನ ಕೈ ಬಿಡಿಸಿಕೊಂಡು ಆ ಕಡೆ ಎರಡು ಹೆಜ್ಜೆಯನ್ನೂ ಇಟ್ಟಳು. ನಾನು ರಟ್ಟೆ ಹಿಡಿದು ಎಳೆದುಕೊಂಡೆ, ಸುಮ್ಮನೆ ನಿಲ್ಲು ಎಂದೆ. ಯಾಕೆ ಎಳೆದೆ ಎಂಬುದನ್ನು ಹೇಳಬೇಕಾದರೆ ಐದು ವರ್ಷ ಹಿಂದೆ ಹೋಗಬೇಕು.

ಹುಡುಗಿಗೆ ಮೂರೂವರೆ ವರ್ಷವಿದ್ದಾಗ ಅವಳ ತಾಯಿ, ಹುಕ್ಕೇರಿಯಿಂದ ನಮ್ಮ ಮನೆಗೆ ಬಂದಿದ್ದ ಸೊಸೆ, ಹೊಲದಲ್ಲಿ ಮೋಟಾರು ಸುರು ಮಾಡಲು ಹೋಗಿ ಕರೆಂಟು ಹೊಡೆದು ಸತ್ತಳು. ಬೆಳಗಿನ ಹೊತ್ತು, ಅರಿಸಿನಕ್ಕೆ ನೀರು ಬಿಡಬೇಕಿತ್ತು. ಸ್ಟಾರ್ಟರ್ ಡಬ್ಬಿ ಇದ್ದ ಕಂಬದಿಂದ ಹತ್ತು ಮಾರು ದೂರ, ಬದುವಿನ ಮೇಲೆ ಮಗಳನ್ನು ಕೂರಿಸಿ, ಕೈಯಲ್ಲಿ ಒಂದು ತುಂಡು ರೊಟ್ಟಿ ಕೊಟ್ಟು ಹೋಗಿದ್ದಳಂತೆ. ಬಾಜೂ ಹೊಲದವರು ಬಂದು ನೋಡುವವರೆಗೆ ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಿಲ್ಲ. ಮಗು ಬದುವಿನ ಮೇಲೆ ಕೂತಲ್ಲೇ ಇತ್ತು. ಅತ್ತಿರಲೂ ಇಲ್ಲ. ರೊಟ್ಟಿ ಕೈಯಲ್ಲೇ ಇತ್ತು.

ನಾನು ಮೂಡಲಗಿಯಿಂದ ಹೋಗಿ ಮುಟ್ಟುವಷ್ಟರಲ್ಲಿ ಮಗುವನ್ನು ಪಕ್ಕದ ಮನೆಗೆ ಸಾಗಿಸಿದ್ದರು. ಅಲ್ಲಿ ಅದು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿತ್ತು: "ಅವ್ವ ಬಿದ್ದಾಳ." ಹೊಲದ ಕಡೆ ಬೆರಳು ತೋರಿಸಿ, "ಅಲ್ಲೆ ಬಿದ್ದಾಳ." ನಮ್ಮವ್ವ, ಅಂದರೆ ಮಗುವಿನ ಆಯಿ, ಕಣ್ಣೊರೆಸಿಕೊಂಡು ಹೋಗಿ ತೊಡೆಯ ಮೇಲೆ ಕೂರಿಸಿಕೊಂಡು ತಿದ್ದಿದಳು.

"ಬಿದ್ದಿಲ್ಲ ನನ್ನ ಬಾಳಾ. ಅವ್ವ ಹುಕ್ಕೇರಿಗೆ ಹೋಗ್ಯಾಳ. ತವರಮನಿಗೆ."

"ಇಲ್ಲ. ಬಿದ್ದಾಳ."

"ಹುಕ್ಕೇರಿಗೆ ಹೋಗ್ಯಾಳ ಅಂದ್ನೆಲ್ಲ. ಬಸ್ಸಿಗೆ ಬರ್ತಾಳ."

ನಮ್ಮ ಕಡೆ ಸತ್ತ ತಾಯಂದಿರೆಲ್ಲ ತವರಿಗೇ ಹೋಗುತ್ತಾರೆ. ಕಲ್ಲೋಳಿಯಲ್ಲಿ ಸತ್ತರೆ ಹುಕ್ಕೇರಿಗೆ, ಹುಕ್ಕೇರಿಯಲ್ಲಿ ಸತ್ತರೆ ಇನ್ನೆಲ್ಲಿಗೋ. ಮಕ್ಕಳ ಮುಂದೆ ಸಾವು ಎಂಬ ಶಬ್ದ ಆಡಬಾರದು, ಆದರೆ ಮಕ್ಕಳ ತಲೆಯ ಮೇಲಿಂದಲೇ ಹೆಣ ಎಷ್ಟು ಕಪ್ಪಾಗಿತ್ತು, ಯಾವ ಕೈ ಸುಟ್ಟಿತ್ತು ಎಂದು ಹೆಂಗಸರು ಗಂಡಸರು ಹೋಲಿಸಿ ಮಾತಾಡಬಹುದು. ಯಾರಾದರೂ ಕೂಸಿದೆ ನೋಡಿರಿ ಎಂದು ಸನ್ನೆ ಮಾಡಿದರೆ ಉತ್ತರ ಸಿದ್ಧ: "ಸಣ್ಣ ಕೂಸು, ಅದಕ್ಕೇನ್ ತಿಳೀತೈತಿ." ಹನ್ನೊಂದು ದಿನದಲ್ಲಿ ಈ ಮಾತನ್ನು ನಾನು ಎಷ್ಟು ಬಾಯಿಗಳಿಂದ ಕೇಳಿದೆನೋ. ಆಡಿದವರಲ್ಲಿ ನಿವೃತ್ತ ಮಾಸ್ತರರಿದ್ದರು, ಅರಭಾವಿಯ ಕಾಲೇಜಿನಲ್ಲಿ ಕಲಿಯುವ ನಮ್ಮ ದೊಡ್ಡಪ್ಪನ ಮೊಮ್ಮಗಳಿದ್ದಳು, ನಾನೂ ಇದ್ದೆ. ಶಿಶುವಿನ ಮನಸ್ಸಿನ ಬಗ್ಗೆ ಪರೀಕ್ಷೆ ಬರೆದು ಪಾಸಾಗಿ ನೌಕರಿ ಹಿಡಿದವಳು ನಾನು. ಬರೆದದ್ದನ್ನು ಉತ್ತರಪತ್ರಿಕೆಯಲ್ಲೇ ಬಿಟ್ಟು ಬಂದಿದ್ದೆ.

ಮೂರನೇ ದಿನಕ್ಕೆ ಮಗು 'ಬಿದ್ದಾಳ' ಎನ್ನುವುದನ್ನು ನಿಲ್ಲಿಸಿತು. ಮರೆಯಿತು ಎಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ಕಣ್ಣಾರೆ ಕಂಡದ್ದು ಖರೆಯಲ್ಲ ಎಂದು ಬಳಗವೆಲ್ಲ ಸೇರಿ ಒಂದು ಕೂಸಿಗೆ ಮೂರು ದಿನದಲ್ಲಿ ಕಲಿಸಿದೆವು. ಮುಂದೆ ಅದೇ ಹುಡುಗಿ ಪುಸ್ತಕದಲ್ಲಿ ಕಂಡ ಶಬ್ದವನ್ನು ಓದಿ 'ಹೌದಲ್ಲ?' ಎಂದು ಕೇಳಿದರೆ ದಡ್ಡಿ ಎಂದೆವು.

ಇಷ್ಟೇ ಆಗಿದ್ದರೆ ನಮ್ಮವ್ವನ ಮೇಲೆ ಹೊರಿಸಿ ನಾನು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾನು ಕಲಿತವಳು, ಸುಳ್ಳನ್ನೂ ಕಲಿತವರ ಹಾಗೆ ಹೇಳಬೇಕಲ್ಲ. ಮಗು ತಾಸಿಗೊಮ್ಮೆ, "ಅವ್ವ ಯಾವಾಗ ಬರ್ತಾಳ?" ಎಂದು ಕೇಳಿ ಎಲ್ಲರ ಜೀವ ತಿನ್ನುತ್ತಿತ್ತು. ಒಂಬತ್ತನೇ ದಿನವೋ ಹತ್ತನೇ ದಿನವೋ ನಾನು ಅದನ್ನು ಮುಂದೆ ಕೂರಿಸಿಕೊಂಡು ಹೇಳಿದೆ.

"ನೂರರ ತನಕ ಬರೋಬ್ಬರಿ ಎಣಸಾಕ ಕಲಿ. ಕಲ್ತ ದಿನ ಅವ್ವ ಬರ್ತಾಳ."

ಸುತ್ತ ಕೂತವರೆಲ್ಲ ತಲೆದೂಗಿದರು. ಅಕ್ಕೋರು ಅಂದರೆ ಅಕ್ಕೋರು, ಮಗುವಿನ ಅಳುವೂ ನಿಂತಿತು, ವಿದ್ಯೆಯೂ ಹತ್ತುತ್ತದೆ ಎಂದು ಒಬ್ಬರು ಹೊಗಳಿದರು. ನಾನು ಆ ಹೊಗಳಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೂಡಲಗಿಗೆ ವಾಪಸಾದೆ. ನೂರು ಎನ್ನುವುದು ಮೂರೂವರೆ ವರ್ಷದ ಕೂಸಿಗೆ ಮುಟ್ಟಲಾಗದಷ್ಟು ದೂರ, ಅಷ್ಟರಲ್ಲಿ ಮರೆತಿರುತ್ತದೆ ಎಂಬುದು ನನ್ನ ಲೆಕ್ಕ. ಗಣಿತದವಳ ಲೆಕ್ಕ.

ಆ ಮಗು ಎಣಿಸಿತು. ಕೋಳಿ ಎಣಿಸಿತು, ಆಡು ಎಣಿಸಿತು, ಕಟ್ಟಿಗೆ ಎಣಿಸಿತು. ಆಯಿ ರೊಟ್ಟಿ ಬಡಿಯುವ ಸಪ್ಪಳವನ್ನು ಎಣಿಸಿತು. ತಿಂಗಳಿಗೊಮ್ಮೆ ನಾನು ಹೋದಾಗ ಇಪ್ಪತ್ತಾಗಿತ್ತು, ಮೂವತ್ತಾಗಿತ್ತು, ಅರವತ್ತರ ಹತ್ತಿರ ಬಂದಿತ್ತು. ಇದು ನಮ್ಮ ಮನೆತನದ ಬುದ್ಧಿ, ಅತ್ತೆಯನ್ನೇ ಹೋಲುತ್ತದೆ ಎಂದು ಹೇಳಿಕೊಂಡು ತಿರುಗಿದೆವು. ಬುದ್ಧಿ ನಮ್ಮದು, ಶಾಣ್ಯಾತನ ನಮ್ಮದು. ಮುಂದೆ ದಡ್ಡತನ ಕಾಣಿಸಿಕೊಂಡಾಗ ಮಾತ್ರ ಅದು ಹುಕ್ಕೇರಿಯವರ ಕಡೆಯದಾಯಿತು.

ಒಂದು ವರ್ಷವೂ ತುಂಬಿರಲಿಲ್ಲ. ನಾನು ಕಲ್ಲೋಳಿಗೆ ಹೋಗಿದ್ದ ಒಂದು ರವಿವಾರ ಬೆಳಿಗ್ಗೆ ಅಂಗಳದಲ್ಲಿ ನಿಂತು ಒಂದರಿಂದ ನೂರರವರೆಗೆ ಒಂದೂ ತಪ್ಪದೆ ಹೇಳಿತು. ನಾವು ಚಪ್ಪಾಳೆ ತಟ್ಟಿದೆವು, ಆಯಿ ಬಾಯಿಗೆ ಬೆಲ್ಲ ಹಾಕಿದಳು. ಆಮೇಲೆ ನಮ್ಮ ನಮ್ಮ ಕೆಲಸಕ್ಕೆ ಹೋದೆವು. ಸ್ವಲ್ಪ ಹೊತ್ತಿಗೆ ನೋಡಿದರೆ ಮಗು ತಾನೇ ನೀರು ಹಚ್ಚಿ ತಲೆ ಬಾಚಿಕೊಂಡು, ಹಬ್ಬದ ಫ್ರಾಕನ್ನು ಹಿಂದುಮುಂದಾಗಿ ಹಾಕಿಕೊಂಡು, ಹೊರಗಿನ ಕಟ್ಟೆಯ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತಿತ್ತು.

"ಎಲ್ಲಿಗೆ ಹೊಂಟಿ?" ಎಂದು ಕೇಳಿದೆ. ಖರೆ ಹೇಳುತ್ತೇನೆ, ನನಗೆ ನೆನಪೇ ಇರಲಿಲ್ಲ.

"ಅವ್ವ ಬರ್ತಾಳಲ್ಲ," ಎಂದಿತು.

ಊಟಕ್ಕೆ ಕರೆದರೆ ಬರಲಿಲ್ಲ. ಬಸ್ಸು ಬಂದಾಗಲೆಲ್ಲ ಎದ್ದು ನಿಲ್ಲುತ್ತಿತ್ತು, ಇಳಿದವರನ್ನೆಲ್ಲ ನೋಡಿ ಮತ್ತೆ ಕೂರುತ್ತಿತ್ತು. ನಾಲ್ಕು ಬಸ್ಸು ಹೋದವು. ಹೊತ್ತು ಮುಳುಗುವ ಮೊದಲು ನಮ್ಮವ್ವ ಬಂದು, "ಇವತ್ತ ಬಸ್ಸ ತಪ್ಪಿರಬೇಕವ್ವ," ಎಂದು ಎತ್ತಿಕೊಂಡು ಒಳಗೆ ಹೋದಳು. ನಾನು ನನ್ನ ಚೀಲ ಹಿಡಿದು ಮೂಡಲಗಿಯ ಬಸ್ಸು ಹತ್ತಿದೆ. ಆ ದಿನದ ಬಗ್ಗೆ ನಾವು ಯಾರೂ ಮತ್ತೆ ಮಾತೆತ್ತಲಿಲ್ಲ. ಮಗುವೂ ಅವ್ವ ಯಾವಾಗ ಬರುತ್ತಾಳೆ ಎಂದು ಮತ್ತೆ ಕೇಳಲಿಲ್ಲ.

ಸುಳ್ಳನ್ನು ಸಾಕುವುದು ಆಡು ಸಾಕಿದಷ್ಟು ಸುಲಭವಲ್ಲ. ಮನೆಯಲ್ಲಿದ್ದ ತಾಯಿಯ ಫೋಟೋ ಟ್ರಂಕಿನ ತಳ ಸೇರಿತು. ಮಗುವನ್ನು ಹುಕ್ಕೇರಿಗೆ ಕರೆದುಕೊಂಡು ಹೋಗುವ ಹಾಗಿಲ್ಲ, ಅಲ್ಲಿ ತಾಯಿ ಇಲ್ಲವಲ್ಲ. ಹುಕ್ಕೇರಿಯ ಅಜ್ಜಿ ಮೊಮ್ಮಗಳನ್ನು ನೋಡಲು ಬಂದರೆ ಅಳುವಂತಿಲ್ಲ, ಮಗಳ ಹೆಸರು ಎತ್ತುವಂತಿಲ್ಲ. ಆ ಮುದುಕಿ ಎರಡು ಸಲ ಬಂದು ಹೋಗಿ, ಮೂರನೇ ಸಲ ಬರುವುದನ್ನೇ ಬಿಟ್ಟಳು. ಸೊಸೆಗೆ ಹೊಲದಲ್ಲೇ ಮಣ್ಣು ಕೊಟ್ಟು, ಅದರ ಮೇಲೆ ಸುಣ್ಣ ಬಳಿದ ಒಂದು ಸಣ್ಣ ಕಟ್ಟೆ ಕಟ್ಟಿಸಿದ್ದರು. ಅಮಾವಾಸ್ಯೆಗೆ ಅಲ್ಲಿ ಕಾಯಿ ಒಡೆಯುವಾಗ ಮಗು ಇದೇನು ಎಂದು ಕೇಳಿದರೆ ಹೊಲದ ದೇವರು, ಕೈ ಮುಗಿ ಎನ್ನುತ್ತಿದ್ದರು. ಅದು ಕೈ ಮುಗಿಯುತ್ತಿತ್ತು. ಇಂಥ ನಾಟಕವನ್ನು ಐದು ವರ್ಷ ಆಡಿದ ಮನೆಯಲ್ಲಿ ಒಬ್ಬರಿಗೂ ನಾಚಿಕೆಯಾಗಲಿಲ್ಲ.

ಮಣಿಯ ಕ್ಲಾಸಿನವನು ಕೈಬಿಟ್ಟ ಮೇಲೆ ನಮ್ಮವ್ವ ತನ್ನ ಮದ್ದು ಹೊರತೆಗೆದಳು. ಧುಪದಾಳದಲ್ಲಿ ಮಕ್ಕಳ ಅಂಜಿಕೆ ತೆಗೆಯುವ ಒಬ್ಬ ಮುದುಕ ಇದ್ದ. ನದಿಗೆ ಕಟ್ಟಿದ ಒಡ್ಡಿನ ಹತ್ತಿರ ಅವನ ಮನೆ. ಬೇವಿನ ಎಲೆಯ ತಪ್ಪಲಿನಿಂದ ನಿವಾಳಿಸಿ, ಲಿಂಬೆಹಣ್ಣು ಕೊಯ್ದು, ಕೊರಳಿಗೆ ಕರಿದಾರ ಕಟ್ಟುತ್ತಿದ್ದ. ನಾನು ನಗಾಡಿಕೊಂಡೇ ಜೊತೆಗೆ ಹೋದೆ. ಮುದುಕ ಹುಡುಗಿಯ ಕೈ ಹಿಡಿದು, ಅಂಗೈಯನ್ನು ಸ್ವಲ್ಪ ಹೊತ್ತು ತನ್ನ ಅಂಗೈಯಲ್ಲಿಟ್ಟುಕೊಂಡು ಕೂತ. ಆಮೇಲೆ ಅವ್ವನ ಕಡೆ ತಿರುಗಿದ.

"ಕೂಸು ಭಾಳ ಅಂಜೇತಿ. ಯಾವಾಗ ಅಂಜಿತು? ಏನ ನೋಡಿತು?"

"ಏನೂ ಇಲ್ರಿ," ಎಂದಳು ಅವ್ವ. "ಹಂಗ ಸುಮ್ಮನ."

"ಸುಮ್ಮನ ಯಾರೂ ಅಂಜೂದಿಲ್ಲವ್ವ. ಏನಾತಂತ ನೀವು ಹೇಳಲಿಲ್ಲಂದ್ರ ನಾ ಏನ ತಗೀಲಿ?"

ಅವ್ವ ಮತ್ತೆ ಏನೂ ಇಲ್ಲ ಎಂದಳು. ಮುದುಕ ಬೇವಿನ ತಪ್ಪಲನ್ನು ಬದಿಗಿಟ್ಟು, ಹೋಗಿ ಬನ್ನಿ ಎಂದ. ದಾರವನ್ನೂ ಕಟ್ಟಲಿಲ್ಲ. ಹೊರಗೆ ಬಂದು ನಾನು, ಮುದುಕನಿಗೆ ಮಂತ್ರವೇ ಮರೆತುಹೋಗಿದೆ ಎಂದು ಚೇಷ್ಟೆ ಮಾಡಿದೆ. ಆ ಐದು ವರ್ಷದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ ಮೊದಲ ಮನುಷ್ಯ ಅವನು. ಅಕ್ಷರ ಬಾರದವನು. ಅವನನ್ನು ನೆನೆದಾಗಲೆಲ್ಲ ನನ್ನ ಡಿಗ್ರಿಯ ಮೇಲೆ ನನಗೇ ಹೇಸಿಗೆಯಾಗುತ್ತದೆ.

ದೀಪಾವಳಿ ಸೂಟಿ ಮುಗಿಸಿಕೊಂಡು ಬರುವಷ್ಟರಲ್ಲಿ ಹೆಡ್ ಮಾಸ್ತರರು ಮಾತೆತ್ತಿದರು. ವರ್ಗದ ಫಲಿತಾಂಶ ಕೆಡುತ್ತದೆ, ಈ ಹುಡುಗಿಗೆ ಮಂದಬುದ್ಧಿ ಎಂದು ಡಾಕ್ಟರರಿಂದ ಒಂದು ಸರ್ಟಿಫಿಕೇಟ್ ತಂದುಬಿಟ್ಟರೆ ಅವಳನ್ನು ಬೇರೆ ಲೆಕ್ಕದಲ್ಲಿ ತೋರಿಸಬಹುದು ಎಂದರು. ಇದರಲ್ಲಿ ಅವಮಾನವೇನಿದೆ, ನಿಮ್ಮದೇ ಹುಡುಗಿ ಎಂದು ಹೇಳುತ್ತಿದ್ದೇನೆ ಎಂದೂ ಸೇರಿಸಿದರು. ಅವರು ಕೆಟ್ಟವರಲ್ಲ, ಕಾಗದದ ಮನುಷ್ಯ. ಕಾಗದದಲ್ಲಿ ಸರಿಹೋದದ್ದು ಅವರಿಗೆ ಲೋಕದಲ್ಲೂ ಸರಿಹೋದಂತೆ. ಸರ್ಟಿಫಿಕೇಟ್ ಬಂದ ದಿನ ನನ್ನ ತಮ್ಮ ಅವಳನ್ನು ಶಾಲೆ ಬಿಡಿಸುತ್ತಾನೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗೋಕಾಕದ ಮಕ್ಕಳ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋದೆ. ನನಗೂ ಸಾಕಾಗಿತ್ತು. ನಾನು ತಿದ್ದಲಾರದ ಮಗುವಿಗೆ ತಿದ್ದಲಾಗದ ರೋಗವೇ ಇದೆ ಎಂದು ಯಾರಾದರೂ ಬರೆದುಕೊಟ್ಟರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಡಾಕ್ಟರು ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. ಮೇಜಿನ ಮೇಲೆ ಒಂದಿಷ್ಟು ಗುಂಡಿ ಹಾಕಿ ಎಣಿಸಲು ಹೇಳಿದರು. ಹುಡುಗಿ ತನ್ನ ಆಟ ತೋರಿಸಿದಳು: ಎಣಿಸಿದಳು, ಎಣಿಸಿದಳು, ಎಣಿಸಿದಳು. ಡಾಕ್ಟರು ತಡೆಯಲಿಲ್ಲ. ಐದನೇ ಸಲ ಮುಗಿದ ಮೇಲೆ, "ನಿನಗ ಎಣಸಾಕ ಚೊಲೋ ಬರ್ತೈತಿ," ಎಂದಷ್ಟೇ ಹೇಳಿದರು. ಆಮೇಲೆ ನನ್ನನ್ನು ಕೇಳಿದರು.

"ಇಕಿ ತಾಯಿ ಬಂದಿಲ್ಲೇನ್ರಿ?"

ನಾನು ಕಣ್ಸನ್ನೆ ಮಾಡಿ, ಹುಡುಗಿಯನ್ನು ಹೊರಗೆ ಕೂರಲು ಕಳಿಸಿದೆ. ಬಾಗಿಲು ಹಾಕಿಕೊಂಡ ಮೇಲೆ ಎಲ್ಲ ಹೇಳಿದೆ, ಬದುವಿನ ಮೇಲೆ ಕೂತಿದ್ದನ್ನೂ ಹೇಳಿದೆ. ನೂರರ ಮಾತನ್ನು ಮಾತ್ರ ನುಂಗಿಕೊಂಡೆ.

"ಅಕಿಗೆ ಏನಂತ ಹೇಳೀರಿ?"

"ಹುಕ್ಕೇರಿಗೆ ಹೋಗ್ಯಾಳ ಅಂತ."

"ಇನ್ನೂ ಅದನ್ನ ಹೇಳಾಕತ್ತೀರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ನನಗೆ ಜಗಳಾಡಲು ಅನುಕೂಲವಾಗುತ್ತಿತ್ತು.

"ಅಕ್ಕೋರ, ನೀವು ಸಾಲ್ಯಾಗ ಹೇಳಿದ್ದು ಮಕ್ಕಳ ತಲಿಗೆ ಹೋಗಬೇಕಂದ್ರ ಆ ತಲಿಗೆ ಪುರಸೊತ್ತ ಇರಬೇಕ್ರಿ. ಈ ಕೂಸಿನ ಮನಸ್ಸ ಐದ ವರ್ಷದಿಂದ ಕಾವಲಕ್ಕ ನಿಂತೈತಿ. ಎಲ್ಲಿ ಏನ ಬೀಳ್ತೈತಿ, ಯಾರ ಹೇಳಿದ್ದು ಖರೆ, ಯಾವುದು ಸುಳ್ಳು, ಇದನ್ನ ನೋಡೂದ್ರಾಗ ದಿನಾ ಹೋಗತೈತಿ. ಇನ್ನ ಮಗ್ಗಿ ಕಲಿಯಾಕ ಯಾರ ಕುಂದರಬೇಕು? ಮಾತ ಬರೂ ಮೊದಲ ಮಕ್ಕಳಿಗೆ ಕಣ್ಣ ಇರ್ತಾವ್ರಿ. ಸಣ್ಣಾಕಿ ಇದ್ದಾಗ ನೋಡ್ಯಾಳ ಅಂದ್ರ ಮರೀತಾಳ ಅಂತಲ್ಲ, ಅದರ ಮ್ಯಾಲೆ ಬೆಳೀತಾಳ ಅಂತ."

"ಹಂಗಾರ ಸರ್ಟಿಫಿಕೇಟ್?" ಎಂದು ಕೇಳಿದೆ. ಇಷ್ಟು ಕೇಳಿದ ಮೇಲೂ ಅದನ್ನೇ ಕೇಳಿದೆ.

"ನಾ ಕೊಡೂದಿಲ್ಲ. ಮೊದಲ ಖರೆ ಹೇಳ್ರಿ. ಅಕಿ ಅಪ್ಪನ್ನ ಕರಕೊಂಡು, ಹಗಲ ಹೊತ್ತಿನ್ಯಾಗ, ಸಣ್ಣ ಸಣ್ಣ ಮಾತಿನ್ಯಾಗ ಹೇಳ್ರಿ. ಅತ್ರ ಅಳಾಕ ಬಿಡ್ರಿ. ತಿಂಗಳಿಗೊಮ್ಮೆ ನನ್ನ ಕಡೆ ತರ್ರಿ, ಎಷ್ಟ ದಿನ ಬೇಕಾದ್ರೂ ಆಗಲಿ."

ಬಾಗಿಲು ತೆಗೆದರೆ ಹುಡುಗಿ ಬೆಂಚಿನ ಮೇಲೆ ಇರಲಿಲ್ಲ. ಬಾಗಿಲಿಗೇ ಆತುಕೊಂಡು ನಿಂತಿದ್ದಳು.

ಹುಡುಗಿಯನ್ನು ಕಲ್ಲೋಳಿಗೆ ಕರೆದುಕೊಂಡು ಹೋಗಿ ಆಯಿಯ ಹತ್ತಿರ ಬಿಟ್ಟು, ತಮ್ಮನಿಗೆ ಹೇಳಿದೆ. ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ. ಮುಖ ಎತ್ತದೆ ಉತ್ತರ ಕೊಟ್ಟ.

"ಅಕಿ ಮರ್ತಾಳಕ್ಕಾ. ಮರ್ತ ಕೂಸಿಗೆ ಯಾಕ ನೆನಪ ಮಾಡ್ತಿ?"

"ಮರ್ತಾಕಿ ಹುಕ್ಕೇರಿ ಬಸ್ಸಿನ ಬೋರ್ಡ ಓದತಿದ್ಲೇನು?"

"ನಾಕ ಅಕ್ಷರ ಕಲ್ತ ಡಾಕ್ಟರು ಹೇಳ್ಯಾಳಂತ ನನ್ನ ಮಗಳನ್ನ ಅಳಸಬೇಕೇನು?"

ನನಗೆ ಸಿಟ್ಟು ನೆತ್ತಿಗೇರಿತು. ಐದು ವರ್ಷದಿಂದ ಒಂದು ದಿನವೂ ಮಗಳನ್ನು ಎದುರು ಕೂರಿಸಿಕೊಂಡು ಮಾತಾಡದವನು ಈಗ ಅವಳ ಕಣ್ಣೀರಿನ ಕಾಳಜಿ ಮಾಡುತ್ತಿದ್ದ. ಬಾಯಿಗೆ ಬಂದಂತೆ ಬೈದೆ. ಹೇಡಿ ಎಂದೆ. ಹೆಂಡತಿಯ ಫೋಟೋ ಟ್ರಂಕಿನಲ್ಲಿ ಹೂತಿಟ್ಟವನು ಎಂದೆ. ಅವನು ಅರಿವೆಯನ್ನು ಬಕೆಟ್ಟಿನಲ್ಲಿ ಬಿಟ್ಟು ಕೂತುಬಿಟ್ಟ.

"ಅಕ್ಕಾ, ಆ ಸ್ಟಾರ್ಟರ್ ಡಬ್ಬಿ ಕೆಟ್ಟಿತ್ತು. ಅಕಿ ನಾಕ ಸಲ ಹೇಳಿದ್ಲು, ರಿಪೇರಿ ಮಾಡಸ್ರಿ ಅಂತ. ನಾಳೆ ಮಾಡಿಸಿದ್ರಾತು ಅಂತ ಬಿಟ್ಟಿದ್ನಿ. ಕೂಸು ದೊಡ್ಡದಾಗಿ ಏನಾತಂತ ಕೇಳಿದ್ರ ಏನ ಹೇಳಲಿ?"

ಐದು ವರ್ಷ ಮಗುವಿಗಾಗಿ ಎಂದು ಹೇಳಿಕೊಂಡು ಬಂದ ಸುಳ್ಳು ಮಗುವಿಗಾಗಿ ಇರಲೇ ಇಲ್ಲ. ಅವನು ತನ್ನನ್ನು ಕಾಯ್ದುಕೊಂಡಿದ್ದ, ಅವ್ವ ಅವನನ್ನು ಕಾಯ್ದಿದ್ದಳು, ನಾನು ನನ್ನ ಶಾಣ್ಯಾತನವನ್ನು ಕಾಯ್ದುಕೊಂಡಿದ್ದೆ. ಲೆಕ್ಕಕ್ಕೆ ಸಿಗದೆ ಉಳಿದದ್ದು ಎಂಟು ವರ್ಷದ ಹುಡುಗಿ ಒಬ್ಬಳೇ. ತಮ್ಮನ ಮೇಲೆ ಕರುಣೆ ಬಂತು, ಸುಳ್ಳಲ್ಲ. ಆದರೆ ಆ ಕರುಣೆಯಿಂದ ಹೇಳುವುದನ್ನು ಮುಂದೂಡುವುದು ಬೇಡ ಎಂದುಕೊಂಡೆ. ಮುಂದೂಡುವುದರಲ್ಲಿ ನಮ್ಮ ಮನೆತನದ ಕೈ ಮೊದಲೇ ಪಳಗಿತ್ತು.

ಮರುದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಮೂವರೂ ಹೊಲಕ್ಕೆ ಹೋದೆವು. ಸುಣ್ಣದ ಕಟ್ಟೆಯ ಹತ್ತಿರ ಹೋದ ಕೂಡಲೇ ಹುಡುಗಿ ರೂಢಿಯಂತೆ ಕೈ ಮುಗಿದಳು. ತಮ್ಮ ನಮಗೆ ಬೆನ್ನು ತಿರುಗಿಸಿ ನಿಂತ. ನಾನು ಮಣ್ಣಿನ ಮೇಲೆ ಕೂತು ಅವಳನ್ನು ಎದುರಿಗೆ ಕೂರಿಸಿಕೊಂಡೆ. ಡಾಕ್ಟರು ಹೇಳಿದ ಹಾಗೆ ಸಣ್ಣ ಮಾತುಗಳನ್ನು ರಾತ್ರಿಯೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

"ಯವ್ವಾ, ನಿಮ್ಮವ್ವ ಹುಕ್ಕೇರಿಗೆ ಹೋಗಿಲ್ಲ. ಸತ್ತಾಳ. ಇಲ್ಲೆ ಮಣ್ಣ ಕೊಟ್ಟೇವಿ. ನಾವೆಲ್ಲ ನಿನಗ ಸುಳ್ಳ ಹೇಳಿದ್ವಿ. ನಾನೂ ಹೇಳಿದ್ನಿ."

ಹುಡುಗಿ ಅಳಲಿಲ್ಲ. ಕಟ್ಟೆಯನ್ನು ನೋಡಿದಳು, ಅಪ್ಪನ ಬೆನ್ನನ್ನು ನೋಡಿದಳು, ಮೋಟಾರಿನ ಕಂಬವನ್ನು ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಅಲ್ಲೆ ಬಿದ್ದಿದ್ಲು. ಹೌದಲ್ಲ?"

"ಹೌದು. ನೀ ನೋಡಿದ್ದು ಖರೆ. ಅವತ್ತ ನೀ ಹೇಳಿದ್ದೂ ಖರೆ."

ಬೆರಳಿನಿಂದ ಮಣ್ಣು ಕೆದರತೊಡಗಿದಳು. ಅಪ್ಪನೂ ಬಂದು ಪಕ್ಕದಲ್ಲಿ ಕೂತ. ಅವಳು ನನ್ನ ಕಡೆ ನೋಡದೆಯೇ ಇನ್ನೊಂದು ಪ್ರಶ್ನೆ ಕೇಳಿದಳು.

"ಅತ್ತಿ, ಹಂಗಾರ ನಾ ನೂರರ ತನಕ ಬರೋಬ್ಬರಿ ಎಣಿಸಿದ್ನೇನು?"

ಗಣಿತದ ಅಕ್ಕೋರಿಗೆ ಪ್ರಶ್ನೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವಳ ಮುಖ ನೋಡುವ ಧೈರ್ಯ ನನಗೆ ಉಳಿಯಲಿಲ್ಲ.

"ಬರೋಬ್ಬರಿ ಎಣಿಸಿದ್ದಿ," ಎಂದೆ. "ಒಂದೂ ತಪ್ಪಿರಲಿಲ್ಲ."

"ನಾ ನಡುವ ಯಾವುದರೆ ಒಂದ ಬಿಟ್ಟೇನಿ ಅಂತ ತಿಳ್ಕೊಂಡಿದ್ನಿ," ಎಂದಳು. "ಅದಕ್ಕ ಅವ್ವ ಬರವಲ್ಲಳು ಅಂತ."